ಮೂಸ್ ಅಂದರೆ ಕಡವೆಯೇ? ಗಂಡಿನ ‘ಬೆದೆ’ಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಕೈಹಿಡಿಯಿರಿ. ಅಮೆರಿಕದ ಅಲಾಸ್ಕದ ಕೊಯುಕುಕ್ ನದಿಯಲ್ಲಿ ಬೋಟಿನಲ್ಲಿ ಹೋಗಿ ಮೂಸ್ ಬೇಟೆಯಾಡಿದವರೊಬ್ಬರ ಬರಹ ಅದು. ಮೂಸ್ ಅಂದರೆ ಉತ್ತರದ ಚಳಿನಾಡುಗಳ ಭಾರಿ ಗಾತ್ರದ ಜಿಂಕೆ. ಕೊಯುಕುಕ್ ಬ್ರೂಕ್ಸ್ ಬೆಟ್ಟಸಾಲಿನಿಂದ ಇಳಿದು ಯೂಕಾನ್ ನದಿಯನ್ನು ಸೇರುತ್ತದೆ. ಕೆಳಗಿನ ಹಳ್ಳಿಗಳಿಗೆ ರಸ್ತೆಯಿಲ್ಲ. ಅಲ್ಲಿನ ದೊಡ್ಡ ಒಂದು ಭಾಗದಲ್ಲಿ ಮೂಸ್ ಬೇಟೆಗೆ ವಿಮಾನ ಬಳಸುವಂತೆಯೂ ಇಲ್ಲ. ಹಾಗಾಗಿ ಬೋಟೇ ಗತಿ. ಸೆಪ್ಟೆಂಬರಿನಲ್ಲಿ ತಟ್ಟೆತಳದ ಅಲ್ಯೂಮಿನಿಯಂ ಬೋಟಿಗೆ ಪೆಟ್ರೋಲ್ ಡಬ್ಬಿ, ಟೆಂಟು, ಅಕ್ಕಿಬೇಳೆ ತುಂಬಿಕೊಂಡು ದಿನಗಟ್ಟಲೆ ಹೊಳೆಯಲ್ಲೇ ಇರುತ್ತಾರೆ. (ಅಕ್ಕಿಬೇಳೆ ನಾನು ಸೇರಿಸಿದ್ದು, ಅವರು ಏನು ಒಯ್ಯುತ್ತಾರೋ!)

ಕರಡು ಕಳಿಸಿದೆ. ತಿದ್ದುವವರು ‘ಮೂಸ್’ ಇದ್ದಲ್ಲೆಲ್ಲ ‘ಕಡವೆ’ ಮಾಡಿ ವಾಪಸ್ ಕಳಿಸಿದ್ದಾರೆ. ಬದಿಯಲ್ಲಿ ಒಂದು ಸಾಲು: “ಕನ್ನಡ ಪದ ಇರುವಾಗ ಇಂಗ್ಲಿಷ್ ಯಾಕೆ?”

ಅವರು ಸುಮ್ನೆ ಮಾಡಿದ್ದಲ್ಲ. ಯೂರೋಪಿನ ಇಂಗ್ಲಿಷಿನಲ್ಲಿ ಮೂಸ್‌ಗೆ ‘ಎಲ್ಕ್’ ಅನ್ನುತ್ತಾರೆ. ಕಿಟೆಲರ 1894ರ ನಿಘಂಟು ತೆಗೆದರೆ ‘ಕಡವೆ’ಯ ಎದುರು ‘ಎಲ್ಕ್’ ಅಂತಲೇ ಇದೆ. ಎರಡನ್ನೂ ಜೋಡಿಸಿದರೆ ಮೂಸ್ ಕಡವೆಯಾಗಿಬಿಡುತ್ತದೆ.

ತಪ್ಪಿರುವುದು ಆ ‘ಎಲ್ಕ್’ನಲ್ಲಿ. ಅದು ಮೂರೂರಲ್ಲಿ ಮೂರು ಪ್ರಾಣಿ. ಸ್ವೀಡನ್, ನಾರ್ವೆ ಕಡೆಯ ಎಲ್ಕ್ ಅಂದರೆ ಮೂಸೇ. ಇಂಗ್ಲಿಷರು ಅಮೆರಿಕಕ್ಕೆ ಹೋದಾಗ ಅಲ್ಲಿ ಬೇರೊಂದು ದೊಡ್ಡ ಜಿಂಕೆ ಕಂಡಿತು, ಅದಕ್ಕೂ ಎಲ್ಕ್ ಅಂದರು. ಅದಕ್ಕೆ ಅಲ್ಲಿನ ಮೂಲನಿವಾಸಿಗಳಾದ ಶಾನೀ ಜನರ ‘ವಾಪಿಟಿ’ ಅನ್ನುವ ಹೆಸರೂ ಇದೆ. ಅರ್ಥ, ಬಿಳಿಯ ಹಿಂಭಾಗದ್ದು. ದಕ್ಷಿಣ ಭಾರತಕ್ಕೂ ಸಿಲೋನಿಗೂ ಬಂದ ಬಿಳಿ ಶಿಕಾರಿಗಳು ನಮ್ಮ ಕಡವೆಯನ್ನು ನೋಡಿ ಮತ್ತೆ ಎಲ್ಕ್ ಅಂದರು. ಊರಲ್ಲಿ ಕೇಳಿದ್ದ ದೊಡ್ಡ ಜಿಂಕೆಯ ಹೆಸರನ್ನು ಹೋದಲ್ಲೆಲ್ಲ ಹಚ್ಚಿದರು, ಅಷ್ಟೆ. ಕಿಟೆಲ್ ಬರೆದುಕೊಂಡದ್ದು ಈ ಮೂರನೇ ಎಲ್ಕ್. ನಿಘಂಟು ತಪ್ಪಲ್ಲ, ಓದುವ ನಾವು ಬೇರೆ ಎಲ್ಕ್ ಹಿಡಿದುಕೊಂಡು ಹೋಗುತ್ತೇವೆ.

ಕಡವೆ ಅಂದ ಕೂಡಲೆ ಮಲೆನಾಡಿನವರ ಕಣ್ಣಿಗೆ ಬರುವುದೇ ಬೇರೆ. ಕೊಂಬಿಗೆ ಮೂರು ಕವಲು, ಒರಟು ಕೂದಲು, ರಾತ್ರಿ ಗದ್ದೆಗೆ ನುಗ್ಗುವ ಜಾತಿ. 300 ಕೆಜಿ ತೂಗಿದರೆ ದೊಡ್ಡ ಗಂಡು. ಅಲಾಸ್ಕದ ಬಲಿತ ಗಂಡು ಮೂಸ್ 540ರಿಂದ 725 ಕೆಜಿ ತೂಗುತ್ತದೆ, ಭುಜದ ಹತ್ತಿರವೇ ಆರಡಿ. ಅದನ್ನು ಕಡವೆ ಅಂದರೆ ಕಾಟಿಯನ್ನು ಹಸು ಅಂದ ಹಾಗೆ.

ಇನ್ನು ‘ಇಂಗ್ಲಿಷ್ ಯಾಕೆ’ ಅನ್ನುವುದು. ಮೂಸ್ ಇಂಗ್ಲಿಷ್ ಪದವೇ ಅಲ್ಲ! ಅಮೆರಿಕದ ಪೂರ್ವ ಕರಾವಳಿಯ ಮೂಲನಿವಾಸಿಗಳ ಆಲ್ಗಾಂಕಿಯನ್ ನುಡಿಗಳಿಂದ 1600ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂದದ್ದು. ತೊಗಟೆ, ಚಿಗುರು ಸುಲಿದು ತಿನ್ನುವುದು ಅನ್ನುವ ಅರ್ಥದ ಮಾತಿನಿಂದ ಬಂತೆಂದು ಹೇಳುತ್ತಾರೆ. ಕೊಯುಕುಕ್ ದಡದ ಕೊಯುಕಾನ್ ಜನ ಇದನ್ನು ‘ದಿನೀಗ’ ಅನ್ನುತ್ತಾರೆ, ಪಕ್ಕದ ಗ್ವಿಚಿನ್ ಜನ ‘ದಿಂಜಿಕ್’. ಇಂಗ್ಲಿಷರೇ ಸಾಲ ತಂದ ಪದವನ್ನು ನಾವೂ ತಂದುಕೊಂಡರೆ ಯಾರ ಗಂಟೇನು ಹೋಗುತ್ತದೆ?

ತೊಡಕು ಒಂದಿದೆ, ಒಪ್ಪುತ್ತೇನೆ. ಕನ್ನಡದಲ್ಲಿ ಇದು ‘ಮೂಸು’ವಿನ ಜೊತೆ ಡಿಕ್ಕಿ ಹೊಡೆಯುತ್ತದೆ. ಬಸ್ಸು, ಕೇಸು ಆದ ಹಾಗೆ ಮೂಸ್ ಕೂಡ ಮೂಸು ಆಗಲೇಬೇಕು. ಮೂಸಿಗೆ, ಮೂಸಿನ, ಮೂಸನ್ನು. ನನ್ನ ಕರಡಿನಲ್ಲಿ “ಮೂಸು ಹೆಣ್ಣಿನ ಜಾಡು ಮೂಸುತ್ತ ಬಂತು” ಅನ್ನುವ ಸಾಲು ಬಂದು ನಾನೇ ನಕ್ಕೆ. ‘ಜಾಡು ಹಿಡಿದು’ ಅಂತ ತಿದ್ದಿದೆ. ಇದಕ್ಕೆ ಹೆದರಿ ಪದ ಬಿಡಬೇಕಾಗಿಲ್ಲ ಅನ್ನಿಸುತ್ತದೆ.

ಹೆಸರೊಂದು ಹೊರಗಿನದಾದರೆ ಸಾಕು, ಅದರ ಮೈಯೆಲ್ಲ ಕನ್ನಡದಲ್ಲೇ ಸಿಗುತ್ತದೆ. ಕುತ್ತಿಗೆಯ ಕೆಳಗೆ ಜೋಲುವ ತೊಗಲನ್ನು ಅವರು ‘ಬೆಲ್’ ಅನ್ನುತ್ತಾರೆ. ಕರಡಿನಲ್ಲಿ ‘ಗಂಟೆ’ ಅಂತ ಬರೆದು ಪೇಚಾಡಿದೆ. ಆಮೇಲೆ ನೆನಪಾಯಿತು, ಹಸುವಿನ ಗಂಗೆದೊಗಲು ಇದೆಯಲ್ಲ! ಕೊಂಬಿಗಂತೂ ತಡಕಾಡಲೇ ಇಲ್ಲ. ಕಡವೆಯ ಕೊಂಬು ಕವಲು ಕವಲು, ಮೂಸಿನದು ಮೊರದಗಲ. ಬೇರೆಯವರು ಹಸ್ತದ ಆಕಾರ, ಸಲಿಕೆಯ ಆಕಾರ ಏನೇನೋ ಅನ್ನಲಿ, ನಾನು ‘ಮೊರಗೊಂಬು’ ಅಂತ ಬರೆದಿದ್ದೇನೆ. ಆನೆಗೆ ಮೊರದಂಥ ಕಿವಿ ಇರಬಹುದಾದರೆ ಇದಕ್ಕೆ ಮೊರದಂಥ ಕೊಂಬು ಇರಬಾರದೇ? ಹಲವು ಕಡೆ ಹೊರಗಿನಿಂದ ಬಂದ ಬೇಟೆಗಾರ ಹೊಡೆಯುವ ಗಂಡಿಗೆ 50 ಇಂಚು ಅಗಲದ ಕೊಂಬು ಇರಬೇಕು, ಇಲ್ಲವೇ ಹಣೆಯ ಕಡೆಗೆ ಚಾಚಿದ ಕವಲುಗಳು ಇಂತಿಷ್ಟಾದರೂ ಇರಬೇಕು. ಹಾಗಾಗಿ ಬರಹದಲ್ಲಿ ಕೊಂಬಿನ ಮಾತು ಜಾಸ್ತಿ.

ಬೋಟಿನ ಮಾತಿನಲ್ಲಿ ನನಗೆ ತುಂಬಾ ಸಹಾಯ ಮಾಡಿದ್ದು ‘ಸೆಳವು’. ಅಲ್ಲಿಯ ಕಾಯಿದೆಯಂತೆ ಮೋಟರು ಓಡುತ್ತಿರುವ ಬೋಟಿನಿಂದ ಗುಂಡು ಹೊಡೆಯುವಂತಿಲ್ಲ. ಎಂಜಿನ್ ಪೂರ್ತಿ ನಿಲ್ಲಿಸಿರಬೇಕು, ಅದು ಕೊಟ್ಟ ಓಟವೂ ಸತ್ತಿರಬೇಕು. ಈಜುತ್ತಿರುವ ಮೂಸಿಗೂ ಹೊಡೆಯುವಂತಿಲ್ಲ. ಅದಕ್ಕೆ ಹೊಳೆ ಏರುವಾಗ ಎಂಜಿನ್, ಇಳಿಯುವಾಗ ಎಷ್ಟೋ ದೂರ ಸುಮ್ಮನೆ ಬಿಟ್ಟುಬಿಡುವುದು. ‘ತೇಲುತ್ತಾ ಸಾಗಿದರು’ ಅಂತ ಬರೆದಿದ್ದೆ, ಹೆಣದ ನೆನಪಾಯಿತು. ‘ಬೋಟನ್ನು ಸೆಳವಿಗೆ ಬಿಟ್ಟರು’ ಅಂದಾಗ ಸರಿಹೋಯಿತು.

‘ಸ್ವೀಪರ್’ ಮಾತ್ರ ಇನ್ನೂ ಕಾಡುತ್ತಿದೆ. ದಡದ ಮಣ್ಣು ಕೊರೆದುಹೋಗಿ ಮರ ಬೇರು ಸಮೇತ ವಾಲುತ್ತದೆ, ನೀರಿನ ಮೇಲೆ ಅಡ್ಡಡ್ಡ ಚಾಚಿಕೊಂಡಿರುತ್ತದೆ. ಸೆಳವು ಬೋಟನ್ನು ಅದರಡಿಗೆ ಎಳೆದರೆ ಕೂತವರನ್ನು ಗುಡಿಸಿ ನೀರಿಗೆ ಹಾಕುತ್ತದೆ. ಕಂಪ್ಯೂಟರ್ ಅನುವಾದ ಇದನ್ನು ‘ಕಸ ಗುಡಿಸುವವನು’ ಮಾಡಿತ್ತು. ‘ಬಾಗುಮರ’ ಅಂತ ಇಟ್ಟಿದ್ದೇನೆ, ಸಪ್ಪೆ. ಶರಾವತಿ, ಕಾಳಿ, ನೇತ್ರಾವತಿ ದಂಡೆಯವರೇ, ನಿಮ್ಮಲ್ಲಿ ದೋಣಿ ನಡೆಸುವವರು ಇಂಥ ಮರಕ್ಕೆ ಏನನ್ನುತ್ತಾರೆ?

ಬೋಟು ಅಂದಾಗ ಇನ್ನೊಂದು ನೆನಪಾಯಿತು. 2007ರಲ್ಲಿ ಜಾನ್ ಸ್ಟರ್ಜನ್ ಅನ್ನುವವರು ಮೂಸ್ ಬೇಟೆಗೆಂದು ಹೋವರ್‌ಕ್ರಾಫ್ಟಿನಲ್ಲಿ (ಅಡಿಗೆ ಗಾಳಿ ಊದಿಕೊಂಡು ಅದರ ಮೇಲೆ ಓಡುವ ವಾಹನ) ಯೂಕಾನಿಗೆ ಸೇರುವ ನೇಷನ್ ನದಿ ಏರಿದ್ದರು. ರಾಷ್ಟ್ರೀಯ ಉದ್ಯಾನ ಇಲಾಖೆಯ ಕಾವಲಿನವರು ಇಲ್ಲಿ ಅದು ನಡೆಯದು ಅಂದರು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಎರಡು ಸಲ ಹೋಗಿ 2019ರಲ್ಲಿ ಸ್ಟರ್ಜನ್ ಗೆದ್ದರು. ಹೋವರ್‌ಕ್ರಾಫ್ಟನ್ನು ದೋಣಿ ಅನ್ನೋಣವೇ? ಅದು ನೀರಿಗೆ ತಾಗುವುದೂ ಇಲ್ಲ. ಹಾಗೇ ಬಿಟ್ಟಿದ್ದೇನೆ.

ಈಗ ನಿಜವಾದ ಪ್ರಶ್ನೆ. ಸೆಪ್ಟೆಂಬರ್ ಕೊನೆಗೆ ಗಂಡುಗಳಿಗೆ ಕೂಡುವ ಕಾಲ. ಮೇವು ಬಿಡುತ್ತವೆ, ನೆಲ ಕೆರೆದು ಗುಂಡಿ ಮಾಡಿ ಅದರಲ್ಲೇ ಉಚ್ಚೆ ಹೊಯ್ದು ಹೊರಳುತ್ತವೆ. ಬೇಟೆಗಾರರು ಹೆಣ್ಣಿನ ಹಾಗೆ ನರಳಿ ಕರೆಯುತ್ತಾರೆ, ಒಣಗಿದ ಹೆಗಲ ಮೂಳೆಯಿಂದ ಪೊದೆ ಉಜ್ಜುತ್ತಾರೆ. ಇನ್ನೊಂದು ಗಂಡು ಕೊಂಬು ತಿಕ್ಕುತ್ತಿದೆ ಅಂದುಕೊಂಡು ಇದು ಬರುತ್ತದೆ. ಇದಕ್ಕೆ ‘ಬೆದೆ’ ಅಂತ ಬರೆದೆ. ನಮ್ಮ ಮನೆಯಲ್ಲಿ ಕರಡು ಓದಿದವರು ಆಕ್ಷೇಪಿಸಿದರು. ಬೆದೆಗೆ ಬರುವುದು ಹಸು, ಎಮ್ಮೆ. ಗಂಡು ಎಲ್ಲಿ ಬೆದೆಗೆ ಬರುತ್ತದೆ? ಸರಿ, ‘ಮದ’ ಅನ್ನೋಣವೆಂದರೆ ಅದು ಆನೆಯದು. ಆನೆಯ ಮದಕ್ಕೆ ಇಂಥದೇ ತಿಂಗಳು ಅಂತ ಇಲ್ಲ, ಮೂಸಿನದು ಕ್ಯಾಲೆಂಡರ್ ಹಿಡಿದು ಬರುತ್ತದೆ. ಸೊಕ್ಕಾನೆ ಅನ್ನುತ್ತೇವಲ್ಲ, ಹಾಗೆ ‘ಸೊಕ್ಕುಗಾಲ’ ಅಂದರೆ ಹೇಗೆ? ನನಗೆ ಇಷ್ಟವಾಗಿದೆ, ಆದರೆ ಓದುವವರಿಗೆ ಹೊಳೆಯುತ್ತದೋ ಇಲ್ಲವೋ.

ನಮ್ಮಜ್ಜ ಇದ್ದಿದ್ದರೆ ಕೇಳಬಹುದಿತ್ತು. ಶಿಕಾರಿಯ ಮಾತೆಲ್ಲ ಅವರ ಬಾಯಲ್ಲಿತ್ತು. ಹಳುವು (ಪೊದೆಗಾಡು), ಸೋವು (ಪ್ರಾಣಿಯನ್ನು ಅಟ್ಟಿ ಹೊರಡಿಸುವುದು), ಒಂದೇ ಈಡಿಗೆ (ಗುಂಡಿಗೆ) ಬಿತ್ತು, ಪಾಲು ಹಾಕುವುದು. 1972ರ ವನ್ಯಜೀವಿ ಕಾಯಿದೆ ಬಂದು ಬೇಟೆ ನಿಂತಿತು, ನಿಂತದ್ದು ಒಳ್ಳೆಯದೇ. ಆದರೆ ಮಾತೂ ಅದರ ಜೊತೆ ಒಳಗೆ ಹೋಯಿತು. ‘ಈಡು’ ಮತ್ತು ‘ಪಾಲು’ ಎರಡನ್ನೂ ಬರಹದಲ್ಲಿ ಬಳಸಿದ್ದೇನೆ. ದೊಡ್ಡ ಗಂಡಿನಿಂದ 225 ಕೆಜಿಯಷ್ಟು ಮಾಂಸ ಬರುತ್ತದೆ. ತಿನ್ನಬಹುದಾದ ಮಾಂಸವನ್ನೆಲ್ಲ ಕಾಡಿನಿಂದ ತರದಿದ್ದರೆ ಅಪರಾಧ, ಮಾಂಸಕ್ಕಿಂತ ಮುಂಚೆ ಕೊಂಬು ತರುವಂತಿಲ್ಲ. ಹಳ್ಳಿಗೆ ಬಂದ ಮೇಲೆ ಹಂಚುವುದು ಇದ್ದೇ ಇದೆ. ‘ವಿತರಣೆ’ ಅಂದರೆ ರೇಷನ್ ಅಂಗಡಿ ಆಗುತ್ತದೆ, ಅಲ್ವಾ?

ಕುರಿ, ಮೇಕೆ ಸಾಕುವವರು ಈ ಬಳಗದಲ್ಲಿ ಇದ್ದೀರಿ ಅಂತ ಗೊತ್ತು. ಹೋತವೋ ಟಗರೋ ಇಂಥ ಕಾಲದಲ್ಲಿ ಗಬ್ಬು ನಾರುತ್ತ ಹೆಣ್ಣಿನ ಹಿಂದೆ ತಿರುಗುವಾಗ ನಿಮ್ಮೂರಲ್ಲಿ ಏನನ್ನುತ್ತಾರೆ? ಊರಿನ ಹೆಸರು ಸೇರಿಸಿ ಬರೆಯಿರಿ. ತಿದ್ದಿದ ಪ್ರತಿ ಸೋಮವಾರದೊಳಗೆ ಕಳಿಸಬೇಕು.