ಅಲಗಿಗೆ ಒರೆ, ಮೊನೆಗೆ?

ಗೆಳೆಯರೇ,

ಚರ್ಮದ ಕೆಲಸ ಕಲಿಸುವ ಕಾರ್ಯಾಗಾರದ ಗೋಡೆಗೆ ಅಂಟಿಸಲೆಂದು ಬರೆದ ಒಂದು ಪುಟದ ಸೂಚನೆಯನ್ನು ತಿದ್ದುತ್ತಿದ್ದೇನೆ. ಅದರ ಮೊದಲ ಸಾಲು: ‘ಚೂಪಾದ ಉಪಕರಣಗಳಿಗೆ ಮುಚ್ಚಳ ಹಾಕಿ ಇಡಿ.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಈ ಸಾಲನ್ನು ನಂಬಿದವರ ಬೆರಳು ಉಳಿಯುವುದು ಅನುಮಾನ.

ಚೂಪು ಮೊನೆಯ ಗುಣ, ಹರಿತ ಅಲಗಿನ ಗುಣ. ಸೂಜಿ, ದಬ್ಬಳ ಚೂಪು; ಕತ್ತಿ, ಕುಡುಗೋಲು ಹರಿತ. (ಸಂಸ್ಕೃತದಲ್ಲಿ ಹಸಿರೆಂಬ ಅರ್ಥದ ‘ಹರಿತ’ ಬೇರೆಯೇ, ಅದನ್ನು ಇಲ್ಲಿಗೆ ಎಳೆದು ತರಬೇಡಿ.) ‘ಚೂಪಾದ ಚಾಕು’ ಎಂಬ ಬಳಕೆ ಈಗ ಎಲ್ಲೆಡೆ ಕಾಣುತ್ತಿದೆ, ಮಾತಿನಲ್ಲಿ ಅದು ನಡೆದೀತು. ಗೋಡೆಯ ಮೇಲಿನ ಸೂಚನೆಯಲ್ಲಿ ನಡೆಯದು. ಚರ್ಮದ ಅಂಚನ್ನು ಹೆರೆದು ತೆಳುಮಾಡುವ ಅಗಲ ಬಾಯಿಯ ಕತ್ತಿಯನ್ನೇ ನೋಡಿ: ಅದಕ್ಕೆ ಹೇಳಿಕೊಳ್ಳುವಂಥ ಮೊನೆಯಿಲ್ಲ, ಆದರೆ ಆ ಕೋಣೆಯಲ್ಲಿ ಅದರಷ್ಟು ಹರಿತವಾದದ್ದು ಇನ್ನೊಂದಿರುವುದು ಕಷ್ಟ. ಚೂಪಾದದ್ದನ್ನಷ್ಟೇ ಹುಡುಕುವ ಹೊಸಬನ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಹಳಗನ್ನಡಕ್ಕೆ ಈ ತೊಡಕಿರಲಿಲ್ಲ. ‘ಕೂರಲಗು’ ಎಂದಾಗ ಅಂಚು, ‘ಕೂರ್ಗಣೆ’ (ಚೂಪಾದ ಬಾಣ) ಎಂದಾಗ ಮೊನೆ. ಎರಡಕ್ಕೂ ‘ಕೂರ್’ ಒಂದೇ ಸಾಕಾಗುತ್ತಿತ್ತು. ಅದನ್ನು ಈಗ ಗೋಡೆಗೇರಿಸಿದರೆ ಯಾರಿಗೂ ತಿಳಿಯದು. ಹಾಗಾಗಿ ‘ಹರಿತವಾದ ಮತ್ತು ಮೊನಚಾದ’ ಎಂದು ಎರಡನ್ನೂ ಬರೆಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಸಾಲು ಉದ್ದವಾದರೂ ಚಿಂತೆಯಿಲ್ಲ, ಏಕೆಂದರೆ ಎರಡನ್ನೂ ಇಡುವ ಬಗೆ ಬೇರೆ ಬೇರೆ.

ಅಲಗಿಗೆ ‘ಒರೆ’ ಇದ್ದೇ ಇದೆ. ‘ಮುಚ್ಚಳ’ವನ್ನು ಡಬ್ಬಿಗಳಿಗೆ ಬಿಟ್ಟುಬಿಡೋಣ. ‘ಒಂದೇ ಒರೆಯಲ್ಲಿ ಎರಡು ಕತ್ತಿ’ ಸಲ್ಲದೆಂಬ ಗಾದೆಯನ್ನು ರಾಜಕೀಯದ ವರದಿಗಳಲ್ಲಿ ಓದಿ ಅಭ್ಯಾಸ; ಕಾರ್ಯಾಗಾರದಲ್ಲಿ ಅದು ಅಕ್ಷರಶಃ ನಿಜ. ಜೊತೆಗಿಟ್ಟ ಅಲಗುಗಳು ಒಂದಕ್ಕೊಂದು ತಾಗಿ ಹಲ್ಲುಹಲ್ಲಾಗುತ್ತವೆ, ಸೆಳೆಖಾನೆಯಲ್ಲಿ ಬಿಡಿಯಾಗಿ ಬಿದ್ದಿದ್ದರೂ ಅಷ್ಟೇ. ಅರ್ಧಚಂದ್ರದ ಕತ್ತಿಗೆ ಒರೆ ಹೊಲಿಯುವಾಗ ಬಾಗಿದ ಅಂಚು ನೇರವಾಗಿ ಹೊಲಿಗೆಯ ದಾರಕ್ಕೆ ತಾಗದಂತೆ ನಡುವೆ ದಪ್ಪ ಚರ್ಮದ ಪಟ್ಟಿಯೊಂದನ್ನು ಸೇರಿಸುತ್ತಾರೆ. ಇಲ್ಲದಿದ್ದರೆ ಕತ್ತಿ ತನ್ನ ಒರೆಯನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಈ ಪಟ್ಟಿಗೆ ಹೆಸರಿದ್ದರೆ ತಿಳಿಸಿ. ಇನ್ನೊಂದು ಮಾತು: ಚರ್ಮದ ಒರೆ ತೇವವನ್ನು ಹಿಡಿದಿಡುತ್ತದೆ, ಹದಮಾಡಿದಾಗಿನ ಆಮ್ಲವೂ ಅದರಲ್ಲಿ ಉಳಿದಿರಬಹುದು. ತಿಂಗಳುಗಟ್ಟಲೆ ಅದರೊಳಗೇ ಬಿಟ್ಟ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ತೊಗಟೆಯಿಂದ ಹದಮಾಡಿದ ಚರ್ಮ ಒದ್ದೆಯಿದ್ದಾಗ ಆ ತುಕ್ಕು ತಾಗಿದರೆ ಕಪ್ಪು ಕಲೆ, ಅದು ಸುಲಭಕ್ಕೆ ಹೋಗದು. ಆದ್ದರಿಂದ ‘ಒರೆಸಿ, ಎಣ್ಣೆಯ ಕೈ ಆಡಿಸಿ, ಒರೆಗೆ ಸೇರಿಸಿ’ ಎಂದು ಬರೆದಿದ್ದೇನೆ. ‘ಒರೆಸಿ’, ‘ಒರೆಗೆ’ ಅಕ್ಕಪಕ್ಕ ಬಂದದ್ದು ಕಿವಿಗೆ ಹಿತವಾಗಿದೆ, ಗೊಂದಲವಾದೀತೆ?

ಇನ್ನು ಮೊನೆಯ ಸಂಗತಿ. ಚರ್ಮಕ್ಕೆ ತೂತು ಹಾಕುವ, ಮರದ ಹಿಡಿಯಿರುವ ಮೊನಚು ಉಪಕರಣವನ್ನು ಬಳಸದಿದ್ದಾಗ ಬಿರಡೆಯ (ಕಾರ್ಕ್) ತುಂಡಿಗೆ ಚುಚ್ಚಿಡುತ್ತಾರೆ. ಅದು ಒರೆಯೆ? ಒರೆಯೆಂದರೆ ಉದ್ದಕ್ಕೂ ಆವರಿಸುವಂಥದು ಎಂದು ನನ್ನ ಕಿವಿ ಹೇಳುತ್ತದೆ. ತುದಿಗಷ್ಟೇ ಕೂರುವುದಕ್ಕೆ ‘ಟೋಪಿ’ ಎಂದರೆ ಹುಡುಗಾಟಿಕೆ, ‘ಗವಸು’ ಎಂದರೆ ದಿಂಬು ನೆನಪಾಗುತ್ತದೆ. ಈ ಉಪಕರಣದ ಹೆಸರೇ ಇನ್ನೊಂದು ಸಮಸ್ಯೆ. ದಬ್ಬಳಕ್ಕೆ ದಾರ ಪೋಣಿಸುವ ಕಣ್ಣಿರುತ್ತದೆ, ಇದಕ್ಕಿಲ್ಲ. ವಚನಕಾರ ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಚರ್ಮದ ಕಸುಬಿನ ಸಲಕರಣೆಗಳು ಮೂರೂ ಬರುತ್ತವೆ. ಕೈಯುಳಿಯನ್ನು ನಾನು ಸುತ್ತಿಗೆಯ ಏಟಿಲ್ಲದೆ ಕೈಯಿಂದಲೇ ಒತ್ತುವ ಉಳಿ ಎಂದು ಓದಿಕೊಂಡಿದ್ದೇನೆ. ಅದನ್ನು ಈ ತೂತಿನ ಮೊನೆಗೆ ಬಳಸಿದರೆ ಕಸುಬಿನವರು ಒಪ್ಪುತ್ತಾರೆಯೆ?

ಕೊನೆಯದು, ಸಾಲಾಗಿ ಜೇಬುಗಳಿರುವ, ಸುತ್ತಿ ಕಟ್ಟುವ ದಪ್ಪ ಬಟ್ಟೆಯ ಚೀಲ. ಇದಕ್ಕೆ ‘ಹಡಪ’ ಎನ್ನಬಾರದೇಕೆ? ಎಲೆಯಡಿಕೆಯ ಚೀಲಕ್ಕಷ್ಟೇ ಅಲ್ಲ, ಕ್ಷೌರದ ಕತ್ತಿಗಳನ್ನಿಡುವ ಚೀಲಕ್ಕೂ ಅದೇ ಹೆಸರು. ಹರಿತವಾದದ್ದನ್ನು ಹೊತ್ತು ಪಳಗಿದ ಪದ. ಒಂದು ಎಚ್ಚರ ಮಾತ್ರ ಜೊತೆಗಿರಬೇಕು: ಒರೆಯಿಲ್ಲದ ಅಲಗು ಬಟ್ಟೆಯನ್ನು ಸೀಳಿ ಹೊರಬರುತ್ತದೆ, ಹಾಗಾಗಿ ಮೊದಲು ಒರೆ, ಆಮೇಲೆ ಹಡಪ.

ನನಗೆ ಬೇಕಾದದ್ದು ಹೊಸದಾಗಿ ಕಟ್ಟಿದ ಪದಗಳಲ್ಲ. ನಿಮ್ಮ ಮನೆಯಲ್ಲೋ ಪರಿಚಿತರಲ್ಲೋ ಚರ್ಮದ ಕೆಲಸ ಮಾಡುವವರಿದ್ದರೆ, ಆ ಬಿರಡೆಯ ತುಂಡನ್ನು, ಹೊಲಿಗೆ ಕಾಯುವ ಪಟ್ಟಿಯನ್ನು ಅವರು ಏನೆಂದು ಕೇಳಿ ಪಡೆಯುತ್ತಾರೆ ಎಂಬುದನ್ನು ಅವರ ಬಾಯಿಂದ ಬಂದಂತೆಯೇ ಬರೆದು ಕಳುಹಿಸಿ.