ಪದಚರ್ಚೆ: ‘ಎಂಡೋಥೀಲಿಯಂ’ಗೆ ‘ಒಳಪೊರೆ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಬರುವ ತಿಂಗಳು ಸಕ್ಕರೆ ಕಾಯಿಲೆ, ಬಿಪಿ ತಪಾಸಣೆ ಇದೆ. ಅಲ್ಲಿ ಹಂಚೋದಕ್ಕೆ ಎರಡು ಪುಟದ ಕರಪತ್ರ ಬರೆದುಕೊಡಿ ಎಂದು ಡಾಕ್ಟರ್ ಗೆಳೆಯರೊಬ್ಬರು ಕೇಳಿದ್ದಾರೆ. ಅವರು ಕೊಟ್ಟ ಟಿಪ್ಪಣಿಯಲ್ಲಿ ಮೂರು ಸಾಲಿಗೊಮ್ಮೆ ‘ಎಂಡೋಥೀಲಿಯಂ’ ಬರುತ್ತದೆ. ನನ್ನ ಗಾಡಿ ಅಲ್ಲೇ ಹೂತುಕೊಂಡಿದೆ.

ಅದೇನು ಅಂದರೆ, ರಕ್ತನಾಳದ ಒಳಮೈಗೆ ಹಾಸಿದ ಒಂದೇ ಒಂದು ಸಾಲು ಜೀವಕೋಶ. ದೊಡ್ಡ ನಾಳದಿಂದ ಹಿಡಿದು ತೀರ ಸಣ್ಣ ನಾಳವಾದ ಲೋಮನಾಳದವರೆಗೆ ಎಲ್ಲ ಕಡೆ ಇದೆ. ಲೋಮನಾಳದಲ್ಲಂತೂ ಗೋಡೆ ಅಂದರೆ ಹೆಚ್ಚುಕಡಿಮೆ ಇದೇ.

ಶಾಲೆಯ ಪುಸ್ತಕದಲ್ಲಿ ಎಪಿಥೀಲಿಯಂಗೆ, ಅಂದರೆ ಚರ್ಮದ ಹಾಗೆ ಮೇಲ್ಮೈ ಮುಚ್ಚುವ ಜೀವಕೋಶದ ಪದರಕ್ಕೆ, ‘ಅನುಲೇಪಕ ಅಂಗಾಂಶ’ ಎಂದಿದೆ. ಅದೇ ಜಾಡಿನಲ್ಲಿ ‘ಅಂತರ್ಲೇಪಕ’ ಅಂತ ಕಟ್ಟಬಹುದು. ಆದರೆ ಲೇಪ ಅಂದ ಕೂಡಲೇ ನನಗೆ ಅಂಗಳಕ್ಕೆ ಸಗಣಿ ಸಾರಿಸಿದ್ದು ಕಣ್ಣಿಗೆ ಬರುತ್ತದೆ. ಬಳಿದರೆ ಮುಗಿಯಿತು, ಆಮೇಲೆ ಅದಕ್ಕೇನೂ ಕೆಲಸ ಇಲ್ಲ. ‘ಅಸ್ತರು’ ಕೂಡ ಹಾಗೆಯೇ, ದರ್ಜಿ ಕೋಟಿನ ಒಳಗೆ ಹೊಲಿದಿದ್ದು.

ಈ ಪದರ ಸುಮ್ನೆ ಅಂಟಿಕೊಂಡು ಕೂತಿಲ್ಲ. ಬಹಳ ಕಾಲ ವಿಜ್ಞಾನಿಗಳೂ ಇದನ್ನು ಬರೀ ಹೊದಿಕೆ ಅಂದುಕೊಂಡಿದ್ದರಂತೆ. ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ಚೂರುಗಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿ ನೋಡುತ್ತಿದ್ದರು. ಸಡಿಲವಾಗಬೇಕಿದ್ದ ನಾಳ ಬಿಗಿಯುತ್ತಿತ್ತು. ಕಾರಣ ಇಷ್ಟೇ: ಚೂರು ಮಾಡುವಾಗ ಒಳಮೈಯ ಈ ಪದರ ಉಜ್ಜಿಹೋಗುತ್ತಿತ್ತು. ಜೋಪಾನವಾಗಿ ಕತ್ತರಿಸಿದಾಗ ನಾಳ ಸಡಿಲವಾಯಿತು. 1980ರಲ್ಲಿ ಇದು ಪ್ರಕಟವಾಯಿತು. ಆ ಪದರ ಬಿಡುವ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅಂತ ಆಮೇಲೆ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ ನೊಬೆಲ್ ಬಂತು. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯಿಂದ ಸಿಗುವುದೂ ಇದೇ ಅನಿಲ. ನಾಳ ಹಿಗ್ಗಿಸುವುದು, ರಕ್ತ ಒಳಗೆ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದು, ಯಾವುದು ಹೊರಗೆ ಹೋಗಬೇಕು ಯಾವುದು ಬೇಡ ಎಂದು ತಡೆಯುವುದು, ಎಲ್ಲ ಈ ಪದರದ್ದೇ ಕೆಲಸ. ಹಾಗಾಗಿ ಹೆಸರಿಗೂ ಸ್ವಲ್ಪ ಜೀವ ಇರಲಿ ಅಂತ ನನ್ನ ಆಸೆ.

‘ಒಳಪೊರೆ’ ಬರೆದು ಅಮ್ಮನಿಗೆ ಓದಿದೆ: ‘ರಕ್ತನಾಳದ ಒಳಪೊರೆಯನ್ನು ಕಾಪಾಡಿಕೊಳ್ಳಿ.’ ಅಮ್ಮ ತಕ್ಷಣ, ‘ಪೊರೆ ಬಂದರೆ ಆಪರೇಷನ್ ಮಾಡಿ ತೆಗೀತಾರಲ್ವಾ? ಕಾಪಾಡೋದ್ಯಾಕೆ?’ ಅಂದರು. ಹೋದ ವರ್ಷ ಅವರ ಕಣ್ಣಿನ ಪೊರೆ ತೆಗೆಸಿದ್ದೇವೆ, ತಪ್ಪು ಅವರದ್ದಲ್ಲ. ಹಾವು ಬಿಡುವುದೂ ಪೊರೆಯೇ. ಜನರ ಬಾಯಲ್ಲಿ ಪೊರೆ ಅಂದರೆ ಹೋದರೆ ಒಳ್ಳೆಯದು ಅನ್ನುವ ವಸ್ತು.

ಆದರೂ ನನಗೆ ಈ ಪದ ಬಿಡೋಕೆ ಮನಸ್ಸಿಲ್ಲ. ಹಳಗನ್ನಡದಲ್ಲಿ ‘ಪೊರೆ’ ಅಂದರೆ ಕಾಪಾಡು, ಸಲಹು ಅಂತಲೂ ಇದೆಯಲ್ಲ. ‘ಹೊಟ್ಟೆ ಹೊರೆಯುವುದು’ ಅನ್ನುವಾಗ ಇವತ್ತಿಗೂ ಅದನ್ನೇ ಆಡುತ್ತೇವೆ. ನಾಮಪದದ ಪೊರೆಯೂ ಕ್ರಿಯಾಪದದ ಪೊರೆಯೂ ಒಂದೇ ಬೇರಿನವು ಅಂತ ನಾನು ಹೇಳುತ್ತಿಲ್ಲ. ಕಿವಿಗೆ ಎರಡೂ ಒಟ್ಟಿಗೆ ಕೇಳಿದರೆ ನನಗೆ ಸಾಕು. ಅಷ್ಟಕ್ಕೂ ಮೂಲದ ಹೆಸರೇನು ಮಹಾ ಸರಿಯೇ? ಅದರಲ್ಲಿರುವ ‘ಥೀಲೆ’ ಗ್ರೀಕಿನಲ್ಲಿ ಮೊಲೆತೊಟ್ಟು! ‘ಎಪಿಥೀಲಿಯಂ’ ಮೊದಲಿಗೆ ತೊಟ್ಟಿನ ಮೇಲಿನ ತೆಳು ಚರ್ಮಕ್ಕೆ ಇಟ್ಟ ಹೆಸರು. 1865ರಲ್ಲಿ ಅಂಗರಚನಾ ವಿಜ್ಞಾನಿ ವಿಲ್‌ಹೆಲ್ಮ್ ಹಿಸ್ ಒಳಗಿನ ಪದರಗಳಿಗೆ ಬೇರೆ ಹೆಸರು ಬೇಕೆಂದು ಮೊದಲ ತುಂಡನ್ನಷ್ಟೇ ಬದಲಿಸಿ ‘ಎಪಿ’ ಇದ್ದಲ್ಲಿ ‘ಎಂಡೋ’ (ಒಳಗೆ) ಇಟ್ಟರು. ತೊಟ್ಟು ಹಾಗೇ ಉಳಿಯಿತು.

ಇನ್ನೊಂದು ತೊಡಕು ‘ಡಿಸ್‌ಫಂಕ್ಷನ್’, ಅಂದರೆ ಈ ಪದರದ ಕೆಲಸ ಕೆಡುವುದು. ಸಕ್ಕರೆ, ಬಿಪಿ, ಬೀಡಿ ಇವೆಲ್ಲ ಆ ಪದರವನ್ನು ಒಂದೇ ಸಲ ಕೊಲ್ಲುವುದಿಲ್ಲ. ಇರುತ್ತದೆ, ಆದರೆ ನೈಟ್ರಿಕ್ ಆಕ್ಸೈಡ್ ಸಾಲುವುದಿಲ್ಲ. ಕೊಬ್ಬು ಗೋಡೆಯೊಳಗೆ ಸೇರಿಕೊಳ್ಳುತ್ತದೆ. ‘ಅಪಕಾರ್ಯ’ ಅಂದರೆ ಊರವರು ಬೇರೇನೋ ತಿಳಿದಾರು. ನಾನು ‘ಸೊರಗು’ ಹಾಕಿದ್ದೇನೆ. ಅಡಿಕೆ ಮರ ಸೊರಗಿದೆ ಅಂದರೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ: ನಿಂತಿದೆ, ಫಸಲಿಲ್ಲ. ಡೆಂಗಿಯಲ್ಲಿ ಆಗುವುದು ಬೇರೆ. ಅಲ್ಲಿ ಕೋಶಗಳ ನಡುವಿನ ಬೆಸುಗೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಹೋಗುತ್ತದೆ, ಅದೂ ಎಷ್ಟೋ ಸಲ ಜ್ವರ ಇಳಿಯುವ ಹೊತ್ತಿಗೆ. ಅದಕ್ಕೆ ‘ಸೋರು’ ಸಾಕು. ಆಷಾಢದಲ್ಲಿ ಹೆಂಚಿನ ಮನೆಯಲ್ಲಿ ಮಲಗಿದವರಿಗೆ ಇದು ಗೊತ್ತು.

ಈಗ ನನ್ನ ಪ್ರಶ್ನೆ. ‘ಜಠರದ ಒಳಪೊರೆ’ ಅಂತ ಪತ್ರಿಕೆಗಳು ಆಗಲೇ ಬರೆಯುತ್ತಿವೆ, ಅದು ಲೋಳೆಪೊರೆ. ಹಾಗಾದರೆ ಇದಕ್ಕೆ ಬರೀ ‘ಒಳಪೊರೆ’ ಸಾಕಾ, ‘ನಾಳಪೊರೆ’ ಅನ್ನಬೇಕಾ? ಸಾಗರ, ಸೊರಬ, ಹೊಸನಗರದ ಕಡೆ ಹಣ್ಣಿನದ್ದೋ ಬೀಜದ್ದೋ ತೆಳು ಒಳಸಿಪ್ಪೆಗೆ ಬೇರೆ ಮಾತೇನಾದರೂ ಇದೆಯಾ? ಕರಪತ್ರ ಅಚ್ಚಿಗೆ ಹೋಗೋದಕ್ಕೆ ಇನ್ನೂ ಹತ್ತು ದಿನ ಇದೆ.