ನಾಲ್ಕು ಎಕರೆ ಎರೆ ಹೊಲದಲ್ಲಿ ಟ್ರೇಲರ್ ಪರೀಕ್ಷಾ ಟ್ರ್ಯಾಕ್ ಕಟ್ಟಬಹುದೇ?

ಸಿಂಧನೂರು ವರ್ಕ್‌ಶಾಪ್:

ಎಲ್ಲರಿಗೂ ನಮಸ್ಕಾರ. ಸಿಂಧನೂರಿನ ಬಳಿ ಹದಿನಾಲ್ಕು ವರ್ಷಗಳಿಂದ ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ತಯಾರಿಸುತ್ತಿದ್ದೇನೆ. ಹೊಸ ಮಾದರಿ ಸಿದ್ಧವಾದಾಗ 75 ಕೆ.ಜಿ.ಯ 80 ಭತ್ತದ ಚೀಲ, ಅಂದರೆ 6 ಟನ್ ಹೇರಿ, ಕಾಲುವೆ ಏರಿಯ ಮೇಲೆ ಒಂದು ವಾರ ಓಡಿಸಿ ನೋಡುವುದೇ ಇದುವರೆಗೆ ನಮ್ಮ ಪರೀಕ್ಷೆಯಾಗಿತ್ತು. ಕಳೆದ ಸುಗ್ಗಿಯಲ್ಲಿ ಹೀಗೆ ಪಾಸಾದ ಮೂರು ಟ್ರೇಲರ್‌ಗಳು ಎರಡೇ ತಿಂಗಳಲ್ಲಿ ವಾಪಸು ಬಂದವು. ಮೂರರಲ್ಲೂ ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಯ ಬುಡದಲ್ಲಿ, ವೆಲ್ಡಿಂಗ್ ಅಂಚಿಗೇ ಬಿರುಕು ಬಿಟ್ಟಿತ್ತು.

ವರ್ಕ್‌ಶಾಪಿನ ಹಿಂದೆ 80 ಮೀಟರ್ ಅಗಲ, 200 ಮೀಟರ್ ಉದ್ದದ, ಸುಮಾರು ನಾಲ್ಕು ಎಕರೆ ಎರೆ ಹೊಲವಿದೆ. ಅಲ್ಲಿ ಚಿಕ್ಕದೊಂದು ಟೆಸ್ಟ್ ಟ್ರ್ಯಾಕ್ ಮಾಡುವ ಯೋಚನೆಯಿದೆ. ದೊಡ್ಡ ಟ್ರ್ಯಾಕ್‌ಗಳ ಚಿತ್ರಗಳಲ್ಲಿ ತಿರುವುಗಳೆಲ್ಲ ಒಳಕ್ಕೆ ಓರೆಯಾಗಿರುತ್ತವೆ; ನಮಗೂ ಅದು ಬೇಕೇ? ಟ್ರ್ಯಾಕಿನ ಒಂದು ಕಿಲೋಮೀಟರ್ ಹೊಲದ ದಾರಿಯ ಎಷ್ಟು ಕಿಲೋಮೀಟರಿಗೆ ಸಮ ಎಂದು ಲೆಕ್ಕ ಹಾಕುವುದು ಹೇಗೆ?

ಕುಷ್ಟಗಿಯವನು, ಈಗ ಪುಣೆ:

ವಾಹನಗಳ ಬಾಳಿಕೆ ಪರೀಕ್ಷೆಯೇ ನನ್ನ ವೃತ್ತಿಯಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ತಿರುವಿನ ಓರೆಯ ವಿಚಾರವನ್ನು ಮೊದಲು ಮುಗಿಸೋಣ. ಇಟಲಿಯ ನಾರ್ಡೋ ಟ್ರ್ಯಾಕ್ ಸುಮಾರು 2 ಕಿ.ಮೀ. ತ್ರಿಜ್ಯದ ವೃತ್ತ, ಅದರ ಹೊರ ಲೇನಿನಲ್ಲಿ ಗಂಟೆಗೆ 240 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ತಿರುಗಿಸದೆಯೇ ಸಾಗಬೇಕಾದರೆ ನೆಲ ಸುಮಾರು 13 ಡಿಗ್ರಿ ಓರೆಯಾಗಿರಬೇಕೆಂದು ಲೆಕ್ಕ ಹೇಳುತ್ತದೆ. ನಮ್ಮ ದೇಶದಲ್ಲಿ ಇಂದೋರ್ ಹತ್ತಿರದ ಪೀಥಂಪುರದಲ್ಲಿ 2021ರಲ್ಲಿ ಉದ್ಘಾಟನೆಯಾದ, ನ್ಯಾಟ್ರ್ಯಾಕ್ಸ್ ಎಂಬ ವಾಹನ ಪರೀಕ್ಷಾ ಕೇಂದ್ರದ 11.3 ಕಿ.ಮೀ. ಪಥವೂ ಅಂಥ ಅತಿವೇಗಕ್ಕೆಂದೇ ಕಟ್ಟಿದ್ದು. ನಿಮ್ಮ ಟ್ರೇಲರ್ ಗಂಟೆಗೆ 18 ಕಿ.ಮೀ. ವೇಗದಲ್ಲಿ 35 ಮೀಟರ್ ತ್ರಿಜ್ಯದ ತಿರುವನ್ನು ಸುತ್ತಿದರೆ ಅಡ್ಡಬಲವು ತೂಕದ ಸುಮಾರು ಶೇಕಡಾ 7ರಷ್ಟು ಮಾತ್ರ. ಆದ್ದರಿಂದ ನೀರು ಹರಿದುಹೋಗುವಷ್ಟು ಇಳಿಜಾರು ಸಾಕು. ನಿಮ್ಮ ಜಾಗದಲ್ಲಿ ಸುಮಾರು 450 ಮೀಟರ್ ಸುತ್ತಳತೆಯ ಅಂಡಾಕಾರದ ಪಥ ಹಿಡಿಸುತ್ತದೆ.

ನಿಮಗೆ ಬೇಕಿರುವುದು ಕೆಟ್ಟ ನೆಲ, ಅದೂ ನಿಮ್ಮ ಗಿರಾಕಿಗಳ ದಾರಿಯ ಕೆಟ್ಟತನವನ್ನೇ ಹೋಲುವ ನೆಲ. ಎಷ್ಟೋ ಪರೀಕ್ಷಾ ಕೇಂದ್ರಗಳಲ್ಲಿ ಬೆಲ್ಜಿಯಂನ ಹಳ್ಳಿರಸ್ತೆಗಳ ಕಲ್ಲುಹಾಸನ್ನು ನಕಲು ಮಾಡಿದ ಪಥವಿದೆ. ಅದನ್ನು ನೀವೂ ನಕಲು ಮಾಡಿದರೆ ಟ್ರೇಲರ್ ಮುರಿಯಬಹುದು, ಆದರೆ ಬೇರೆಲ್ಲೋ ಮುರಿಯಬಹುದು. ಆದ್ದರಿಂದ ಒಂದು ಹಾರೆ ಮಣ್ಣು ಅಗೆಯುವುದಕ್ಕೂ ಮೊದಲು, ಬಿರುಕು ಬಿಟ್ಟ ಜಾಗದ ಹತ್ತಿರ ಸ್ಟ್ರೇನ್ ಗೇಜ್ (ಲೋಹ ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ಪಟ್ಟಿ) ಅಂಟಿಸಿ, ತುಂಬಿದ ಟ್ರೇಲರನ್ನು ಹೊಲದ ಬದು, ಹೊಲಗಾಲುವೆಯ ದಾಟು, ಏರಿ, ಡಾಂಬರು ಇವೆಲ್ಲದರ ಮೇಲೆ ಓಡಿಸಿ ದಾಖಲೆ ತೆಗೆಯಿರಿ. ಆ ದಾಖಲೆಯನ್ನು ರೇನ್‌ಫ್ಲೋ ಎಂಬ ವಿಧಾನದಿಂದ (1968ರಲ್ಲಿ ಜಪಾನಿನ ಮಾತ್ಸುಯಿಶಿ ಮತ್ತು ಎಂಡೋ ಕೊಟ್ಟದ್ದು) ಎಣಿಸಿದರೆ, ಯಾವ ಗಾತ್ರದ ಒತ್ತಡದ ಏರಿಳಿತ ಎಷ್ಟು ಸಲ ಬಂತೆಂಬ ಪಟ್ಟಿ ಸಿಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲೇ ಇದೆ. ವೆಲ್ಡಿಂಗ್ ಜಾಗದಲ್ಲಿ ದಣಿವಿನ ಹಾನಿಯು (ಮತ್ತೆ ಮತ್ತೆ ಕುಲುಕಿ ಲೋಹಕ್ಕೆ ಆಗುವ ಹಾನಿ) ಒತ್ತಡದ ಏರಿಳಿತದ ಸುಮಾರು ಮೂರನೆಯ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ: ಏರಿಳಿತ ಇಮ್ಮಡಿಯಾದರೆ ಒಂದೊಂದು ಕುಲುಕಿನ ಹಾನಿ ಎಂಟು ಪಟ್ಟಾಗುತ್ತದೆ. ಹೊಲದ ದಾರಿಯ ಒಂದು ಕಿಲೋಮೀಟರಿನ ಹಾನಿಯನ್ನೂ ಟ್ರ್ಯಾಕಿನ ಒಂದು ಕಿಲೋಮೀಟರಿನ ಹಾನಿಯನ್ನೂ ಹೀಗೆ ಕೂಡಿಸಿ, ಟ್ರ್ಯಾಕಿನದನ್ನು ಹೊಲದ ದಾರಿಯದರಿಂದ ಭಾಗಿಸಿದರೆ ಸಮಾನತೆ ತಿಳಿಯುತ್ತದೆ. ಎಲ್ಲ ವಾಹನಕ್ಕೂ ಹೊಂದುವ ಒಂದೇ ಸಂಖ್ಯೆ ಇದೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬೇಗ ಮುಗಿಯಲೆಂದು ಉಬ್ಬುಗಳನ್ನು ವಿಪರೀತ ಎತ್ತರ ಮಾಡಲೂಬೇಡಿ. ಕಬ್ಬಿಣ ದಣಿದು ಬಿರುಕು ಬಿಡುವ ಬದಲು ಒಮ್ಮೆಲೇ ಬಾಗಿಬಿಟ್ಟರೆ ಅದು ಬೇರೆಯೇ ಪರೀಕ್ಷೆಯಾಗುತ್ತದೆ.

ಉಬ್ಬುಗಳ ಅಂತರವೂ ಮುಖ್ಯ. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. 2 ಮೀಟರಿಗೊಂದು ಉಬ್ಬಿದ್ದರೆ ಸೆಕೆಂಡಿಗೆ ಎರಡೂವರೆ ಕುಲುಕು. ಸ್ಪ್ರಿಂಗ್ ಇಲ್ಲದೆ ಬರೀ ಟೈರಿನ ಮೇಲೆ ಕುಣಿಯುವ ಟ್ರೇಲರಿನ ಸಹಜ ಕುಣಿತ ಇದಕ್ಕೆ ಹತ್ತಿರವಿದ್ದರೆ ಹೊಡೆತ ಬಹಳ ಹೆಚ್ಚುತ್ತದೆ. ಆದ್ದರಿಂದ ಅಂತರವನ್ನು ಏರುಪೇರಾಗಿಡಿ. ಎಡ ಮತ್ತು ಬಲ ಚಕ್ರಗಳಿಗೆ ಉಬ್ಬುಗಳು ಒಂದಾದ ಮೇಲೊಂದು ಸಿಗುವಂತೆ ಕೆಲವನ್ನು ಇಡಿ. ಬದು ಓರೆಯಾಗಿ ದಾಟುವಾಗ ಚಾಸಿಗೆ ಆಗುವ ತಿರುಚು ಅದರಿಂದಲೇ ಬರುವುದು.

ಬಳ್ಳಾರಿ ಸಿವಿಲ್:

ಮೇಲಿನವರು ಹೇಳಿದ ಉಬ್ಬುಗಳೆಲ್ಲ ಒಂದು ಮಳೆಗಾಲ ಕಳೆದ ಮೇಲೂ ಅದೇ ಎತ್ತರದಲ್ಲಿ ಉಳಿಯುತ್ತವೆಯೇ ಎಂಬುದು ನನ್ನ ಕಾಳಜಿ. ಎರೆ ಮಣ್ಣು ನೆನೆದಾಗ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ನೇರವಾಗಿ ಅದರ ಮೇಲೆ ಕಾಂಕ್ರೀಟ್ ಹಾಕಿದರೆ ಈ ವರ್ಷದ ಟ್ರ್ಯಾಕಿಗೂ ಮುಂದಿನ ವರ್ಷದ ಟ್ರ್ಯಾಕಿಗೂ ಸಂಬಂಧವೇ ಇರುವುದಿಲ್ಲ, ಹಳೆಯ ಮಾದರಿಯೊಂದಿಗೆ ಹೊಸದನ್ನು ಹೋಲಿಸುವುದೂ ಸಾಧ್ಯವಾಗುವುದಿಲ್ಲ.

ಎರೆಯನ್ನು ಸುಮಾರು ಒಂದು ಮೀಟರ್ ತೆಗೆದು, ಅಂಟುಗುಣವಿದ್ದೂ ಹಿಗ್ಗದ ಗರಸು ಮಣ್ಣನ್ನು ಪದರಪದರವಾಗಿ ಹಾಕಿ ರೋಲರ್ ಹೊಡೆಸಿ. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿಯವರು ರೂಪಿಸಿದ ಈ ಕ್ರಮ ಎರೆ ನೆಲದ ಕಾಲುವೆಗಳಿಗೂ ರಸ್ತೆಗಳಿಗೂ ಬಳಕೆಯಾಗಿದೆ. ಅಗ್ಗವೆಂದು ಬರೀ ಮರಳು ತುಂಬಿದರೆ ನೀರು ಸಲೀಸಾಗಿ ಕೆಳಗಿಳಿದು ಎರೆಯನ್ನೇ ಉಬ್ಬಿಸುತ್ತದೆ. ನಿಮ್ಮ ಅಕ್ಕಪಕ್ಕದಲ್ಲಿ ಭತ್ತದ ಗದ್ದೆಗಳಿದ್ದರೆ ಸುತ್ತ ಆಳವಾದ ಚರಂಡಿ ತೋಡದೆ ಕೆಲಸ ಶುರುಮಾಡಬೇಡಿ. ಉಬ್ಬುಗಳಿಗೆ ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಗಳಲ್ಲಿ ಉಳಿಯುವ ತುಂಡುಗಳನ್ನು ಕೊಯ್ಸಿ ಕಾಂಕ್ರೀಟಿನಲ್ಲಿ ಕೂಡಿಸಬಹುದು. ಅವು ಬೇಗ ಸವೆಯುವುದಿಲ್ಲ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಲೆವೆಲ್ ಇಟ್ಟು ಪ್ರತಿ ಉಬ್ಬಿನ ಎತ್ತರವನ್ನು ಬರೆದಿಡಿ.

ಸಿಂಧನೂರು ವರ್ಕ್‌ಶಾಪ್:

ಇಬ್ಬರಿಗೂ ಧನ್ಯವಾದಗಳು. ಒಂದು ಮೀಟರ್ ಎರೆ ತೆಗೆಯುವ ಖರ್ಚು ಕೇಳಿಯೇ ಎದೆ ಒಡೆಯಿತು. ಉಬ್ಬುಗಳಿರುವ 60 ಮೀಟರಿಗೆ ಮಾತ್ರ ಹಾಗೆ ಮಾಡಿ, ಉಳಿದ ಸುತ್ತನ್ನು ಗರಸಿನ ದಾರಿಯಾಗಿಯೇ ಬಿಟ್ಟರೆ ನಡೆಯುತ್ತದೆಯೇ? ಇನ್ನೊಂದು ಮಾತು: ಭತ್ತ ಹೇರಿ ತಿಂಗಳುಗಟ್ಟಲೆ ಕುಲುಕಿದರೆ ನಷ್ಟ, ಅದರ ಬದಲು 6 ಟನ್ ಮರಳು ಹೇರಬಹುದೇ?

ಬಳ್ಳಾರಿ ಸಿವಿಲ್:

ಧಾರಾಳವಾಗಿ. ಅಳತೆಗೆ ಸಿಗಬೇಕಾದದ್ದು ಆ 60 ಮೀಟರ್ ಮಾತ್ರ. ಮಳೆಗಾಲದಲ್ಲಿ ಪರೀಕ್ಷೆ ನಿಲ್ಲಿಸಲು ಒಪ್ಪುವುದಾದರೆ ಉಳಿದದ್ದಕ್ಕೆ ದುಡ್ಡು ಸುರಿಯಬೇಡಿ.

ಕುಷ್ಟಗಿಯವನು, ಈಗ ಪುಣೆ:

ಮರಳು ಭತ್ತಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸಾಂದ್ರ. ತೂಕ ಅಷ್ಟೇ ಇದ್ದರೂ ರಾಶಿ ತಳದಲ್ಲೇ ಕುಳಿತು ಗುರುತ್ವಕೇಂದ್ರ ಕೆಳಗಿಳಿಯುವುದರಿಂದ ಟ್ರೇಲರ್ ಹಿಂದೆಮುಂದೆ ತೂಗುವುದು ಕಡಿಮೆಯಾಗಿ, ನಿಮ್ಮ ಕೊಂಡಿಯ ಬುಡಕ್ಕೇ ಹೊರೆ ತಪ್ಪಿಹೋಗಬಹುದು. ಮರಳಿನ ಚೀಲಗಳನ್ನು ಭತ್ತದ ರಾಶಿಯ ನಡು ಎತ್ತರಕ್ಕೆ ಬರುವಂತೆ ಅಟ್ಟಣೆಯ ಮೇಲೆ ಬಿಗಿದು ಕಟ್ಟಿ. ಟೈರಿನ ಗಾಳಿಯನ್ನು ಪ್ರತಿದಿನ ಒಂದೇ ಮಟ್ಟದಲ್ಲಿಡಿ; ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಅದು ಏರುತ್ತದೆ, ಆದ್ದರಿಂದ ಬೆಳಗ್ಗೆ ಓಡಿಸುವ ಮುಂಚೆಯೇ ನೋಡಿ. ಡ್ರೈವರನ್ನು ಗಂಟೆಗೊಮ್ಮೆ ಬದಲಾಯಿಸಿ. ಸೊಂಟ ಹಿಡಿಯುತ್ತದೆಂಬುದು ಒಂದು ಕಾರಣ. ದಣಿದವನು ತನಗರಿಯದೆ ವೇಗ ಇಳಿಸುತ್ತಾನೆ, ಆಗ ಲೆಕ್ಕವೆಲ್ಲ ತಪ್ಪುತ್ತದೆ.

ಟ್ರ್ಯಾಕ್ ಸಿದ್ಧವಾದ ಮೇಲೆ ಹೊಸ ಮಾದರಿಯನ್ನು ಮೊದಲು ಹತ್ತಿಸಬೇಡಿ. ವಾಪಸು ಬಂದಂಥ ಹಳೆಯ ವಿನ್ಯಾಸದ್ದೇ ಒಂದನ್ನು ಮಾಡಿ ಓಡಿಸಿ. ಅದೇ ವೆಲ್ಡಿಂಗ್ ಅಂಚಿನಲ್ಲಿ ಅದೇ ದಿಕ್ಕಿನ ಬಿರುಕು ಬಂದರೆ ನಿಮ್ಮ ಟ್ರ್ಯಾಕ್ ಸರಿಯಿದೆ. ಆಕ್ಸಲ್ ಮುರಿದರೆ ಉಬ್ಬುಗಳನ್ನು ತಿದ್ದಬೇಕು.

ರಾಯಚೂರು ಓದುಗ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ನಿಮ್ಮ ಟ್ರ್ಯಾಕಿನ ಫಲಿತಾಂಶ ನಿಮ್ಮ ತಿಳಿವಳಿಕೆಗೆ ಮಾತ್ರ. ನೋಂದಣಿಗೆ ಬೇಕಾದ ಅನುಮೋದನೆಯನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಲ್ಲಿ ಹೆಸರಿಸಿದ ಸಂಸ್ಥೆಗಳಿಂದಲೇ ಪಡೆಯಬೇಕು. ಕೃಷಿ ಯಂತ್ರಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಬಳ್ಳಾರಿಯಿಂದಾಚೆ ದೂರವೇನಲ್ಲ, ಅವರು ಅಳತೆ ಮಾಡುವ ಕ್ರಮವನ್ನು ಒಮ್ಮೆ ನೋಡಿ ಬನ್ನಿ.

ಸಿಂಧನೂರು ವರ್ಕ್‌ಶಾಪ್:

ಹಳೆಯ ವಿನ್ಯಾಸದ ಒಂದು ಟ್ರೇಲರ್ ಮಾರಾಟವಾಗದೆ ಶೆಡ್ಡಿನಲ್ಲೇ ನಿಂತಿದೆ. ಗೇಜ್ ಅಂಟಿಸುವುದನ್ನು ಅದರಿಂದಲೇ ಆರಂಭಿಸುತ್ತೇನೆ. ಚರಂಡಿಯನ್ನು ಮಾತ್ರ ಕಾಲುವೆಗೆ ನೀರು ಬಿಡುವ ಮುಂಚೆ ತೋಡಿಸಬೇಕು.